ದ್ರಾಕ್ಷಿ ತೋಟದಲ್ಲಿ ಎರಡು ಬೆಲ್

ಕೆಲವರ ಮನೆಗೆ ನೆಂಟರು ಹೇಳದೆ ಬರುತ್ತಾರೆ, ನಮ್ಮ ಮನೆಗೆ ನಗೆಪಾಟಲು ಹೇಳದೆ ಬರುತ್ತದೆ. ಬಂದದ್ದು ಸುಮ್ಮನೆ ಹೋಗುವುದೂ ಇಲ್ಲ, ಮರುದಿನ ಇನ್ನೊಂದನ್ನು ಜೊತೆಗೆ ಕರೆಸಿಕೊಳ್ಳುತ್ತದೆ. ನಾನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನ ಎದುರು ಇಪ್ಪತ್ತೆರಡು ವರ್ಷದಿಂದ ಊಟದ ಮೆಸ್ ನಡೆಸುವವಳು. ಶಾಲೆಯಲ್ಲಿ ಕಲಿತದ್ದು ನಾಲ್ಕನೇ ಕ್ಲಾಸು. ಉಳಿದದ್ದನ್ನು ಸಾಮಾನು ಕಟ್ಟಿ ಬಂದ ಪೇಪರಿನಿಂದ, ಬಸ್ಸಿನ ಬೋರ್ಡಿನಿಂದ, ಮಸಾಲೆ ಡಬ್ಬಿಯ ಲೇಬಲ್ಲಿನಿಂದ ನಾನೇ ಓದಿ ಕಲಿತೆ. ಕನ್ನಡ ಆಯಿತು, ಮರಾಠಿ ಆಯಿತು, ಹಿಂದಿ ಆಯಿತು, ಕೊನೆಗೆ ಇಂಗ್ಲಿಷೂ ಆಯಿತು. ಯಾರ ಹತ್ತಿರವೂ "ಇದೇನು, ಸ್ವಲ್ಪ ಹೇಳಿಕೊಡಿ" ಅಂದವಳಲ್ಲ. ಈ ಗುಣದಿಂದಲೇ ಮೆಸ್ ಕಟ್ಟಿದೆ. ಇದೇ ಗುಣದಿಂದ ಕೆಳಗೆ ಬರೆದದ್ದೆಲ್ಲ ನಡೆಯಿತು.

ಪಂದ್ಯ

ನಮ್ಮ ಯಜಮಾನರು ಮೂವತ್ತು ವರ್ಷ ಈ ಊರಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆಗಿ ಎರಡು ವರ್ಷವಾಯಿತು. ಅಂದಿನಿಂದ ಒಂದೇ ಹಾಡು: "ಭಾನುವಾರ ಮೆಸ್ ಮುಚ್ಚು ಮಾರಾಯ್ತಿ. ಬರುವುದೇ ನಾಲ್ಕು ಜನ."

"ನಾಲ್ಕು ಜನಕ್ಕೆ ಹೊಟ್ಟೆ ಇಲ್ವಾ?" ಅಂತ ನಾನು.

ಇದು ನಿಜ. ಭಾನುವಾರ ಫ್ಯಾಕ್ಟರಿಗಳಿಗೆ ರಜೆ. ಆದರೂ ಎದುರಿನ ರಟ್ಟಿನ ಪೆಟ್ಟಿಗೆ ಫ್ಯಾಕ್ಟರಿಯಿಂದ ನಾಲ್ಕು ಜನ ಬಂದೇ ಬರುತ್ತಿದ್ದರು. ಒಂದು ವಾರವೂ ಮೂರಾಗಿಲ್ಲ, ಐದಾಗಿಲ್ಲ. ಮಳೆಗೆ ಲೋಕಲ್ ಟ್ರೇನ್ ನಿಂತ ದಿನವೂ ಮೊಣಕಾಲು ನೀರಿನಲ್ಲಿ ನಾಲ್ಕು ಜನ ಬಂದಿದ್ದರು. ನನ್ನ ಸಾರಿನ ಮೇಲೆ ಅವರಿಗಿದ್ದ ಆ ಪ್ರೀತಿಯನ್ನು ನೆನೆದು ನಾನು ಎಷ್ಟೋ ಸಲ ಕಣ್ಣು ಒರೆಸಿಕೊಂಡದ್ದುಂಟು.

ನಮ್ಮ ಮದುವೆಗೆ ಮೂವತ್ತು ವರ್ಷ ತುಂಬಿದಾಗ ಮಗಳು ವಿಲೆ ಪಾರ್ಲೆಯಿಂದ ಬಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಮೂರು ಟ್ರೇನ್ ಬದಲಾಯಿಸುತ್ತಾಳೆ.

"ಮಮ್ಮಿ, ಈ ಸಲ ಸೀರೆ-ವೀರೆ ಇಲ್ಲ. ನೀವಿಬ್ರೂ ಕ್ಯಾರವಾನ್‌ನಲ್ಲಿ ನಾಸಿಕ್ ಜಾ ರಹೇ ಹೋ. ವೈನ್ ಮಾಡೋ ದ್ರಾಕ್ಷಿ ತೋಟ. ತ್ರೀ ಡೇಸ್. ಬುಕಿಂಗ್ ಹೋ ಗಯಾ."

"ಕ್ಯಾರವಾನ್ ಅಂದರೆ?" ಯಜಮಾನರು ಕೇಳಿದರು. ನಾನು ಕೇಳುವವಳಲ್ಲ.

"ಪಪ್ಪಾ, ಗಾಡಿ ಒಳಗೇ ಮನೆ. ಕಿಚನ್, ಬೆಡ್, ಟಾಯ್ಲೆಟ್, ಸಬ್ ಕುಛ್."

"ಕಿಚನ್ ಇದೆಯಾ? ಹಾಗಾದರೆ ಇವಳು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಬಡಿಸುತ್ತಾಳೆ. ಮೂರು ದಿನವಲ್ಲ, ಮೂರು ಗಂಟೆ ಸುಮ್ಮನೆ ಇರಲಿಕ್ಕೆ ಇವಳಿಂದ ಆಗುವುದಿಲ್ಲ."

ನನಗೆ ಆಗುವುದಿಲ್ಲ ಅಂದವರ ಎದುರು ನಾನು ಅದನ್ನು ಮಾಡಿಯೇ ತೋರಿಸಿದ್ದೇನೆ. "ಆಗ್ತದೆ," ಅಂದೆ.

ಮಗಳು ಪಂದ್ಯ ಕಟ್ಟಿಸಿದಳು. ಮೂರು ದಿನ ನಾನು ಗಂಡನ ಹೊರತು ಬೇರೆ ಒಬ್ಬರಿಗೂ ಬಡಿಸಬಾರದು. ಬಡಿಸಿದರೆ ಪ್ರತಿ ಭಾನುವಾರ ಮೆಸ್ ಬಂದ್. ಬಡಿಸದಿದ್ದರೆ ಇವರು ಜನ್ಮದಲ್ಲಿ ಭಾನುವಾರದ ಹೆಸರು ಎತ್ತಬಾರದು. ತೀರ್ಪು ಕೊಡುವವಳು ಮಗಳು.

ಗುರುವಾರ ಸಂಜೆ ಮೆಸ್ಸಿನ ಶಟರಿಗೆ ನಾನೇ ಬೋರ್ಡ್ ಬರೆದು ತೂಗಿಸಿದೆ: "ಮಾಲಕಿ ನಾಸಿಕ್‌ನ ದ್ರಾಕ್ಷಿ ತೋಟಕ್ಕೆ ಕ್ಯಾರವಾನ್ ಪ್ರವಾಸ ಹೋಗಿರುವುದರಿಂದ ಶುಕ್ರ, ಶನಿ, ಭಾನು ಮೆಸ್ ಬಂದ್." ತೋಟದ ಹೆಸರನ್ನೂ ದಪ್ಪಕ್ಷರದಲ್ಲಿ ಹಾಕಿದೆ. ಬರೀ "ಮೆಸ್ ಬಂದ್" ಅಂದರೂ ಸಾಕಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ರಜೆ ಹೋಗುವವಳು ಎಲ್ಲಿಗೆ ಹೋದಳು ಅಂತ ಊರಿಗೆ ಗೊತ್ತಾಗಬೇಡವೇ?

ಯಜಮಾನರು ಓದಿ ನೋಡಿ ಅಂದರು, "ಗಾಡಿ ನಂಬರು ಒಂದು ಉಳಿಯಿತು."

ಪುಸ್ತಕ

ಶುಕ್ರವಾರ ಬೆಳಿಗ್ಗೆ ಬಿಲ್ಡಿಂಗಿನ ಗೇಟಿಗೆ ಕ್ಯಾರವಾನ್ ಬಂತು. ಉದ್ದದ ಗಾಡಿ, ಕೆಂಪು ಬಣ್ಣ, ಹಿಂದುಗಡೆ ಒಂದು ಬಾಗಿಲು. ಡ್ರೈವರ್ ಸೀಟಿಗೂ ಹಿಂದಿನ ಮನೆಗೂ ನಡುವೆ ಒಂದು ದಪ್ಪ ಪರದೆ. ಈ ಊರಿನ ಬಸ್ಸಿನದೇ ಕೆಂಪು ಬಣ್ಣ ನೋಡಿದ ಕೂಡಲೇ ಯಜಮಾನರ ಬೆನ್ನು ತಾನಾಗಿ ನೆಟ್ಟಗಾಯಿತು.

ಗಾಡಿ ತಂದ ಮನುಷ್ಯ ಪಾಪ, ಒಂದು ಗಂಟೆ ಇದ್ದು ಎಲ್ಲ ತೋರಿಸಿಕೊಡುತ್ತೇನೆ ಅಂದ. "ಮೇಡಮ್, ಯೇ ಗ್ಯಾಸ್ ಕಾ ವಾಲ್ವ್, ಯೇ ಪಾನಿ ಕಾ ಪಂಪ್, ಔರ್ ಟಾಯ್ಲೆಟ್ ಥೋಡಾ ಅಲಗ್ ಹೈ..."

"ಬುಕ್ ಹೈ?" ಅಂದೆ.

"ಹೈ, ಲೇಕಿನ್ ಇಂಗ್ಲಿಷ್ ಮೇ ಹೈ. ಕೋಯೀ ಪಡ್ತಾ ನಹೀ."

"ಮೈ ಪಡ್ತೀ ಹೂಂ. ಆಪ್ ಜಾಯಿಯೇ."

ಓದುವುದರಲ್ಲಿ ನನಗೊಂದು ನೇಮವಿದೆ. ಮೊದಲ ಪುಟದಿಂದ ಶುರು ಮಾಡಬೇಕು, ಒಂದು ಸಾಲನ್ನೂ ಹಾರಿಸಬಾರದು. ಶಾಲೆಗೆ ಹೋದವರು ನಡುವೆ ಹಾರಿಸಬಹುದು, ಅವರಿಗೆ ಯಾರೋ ಮೊದಲೇ ಹೇಳಿಕೊಟ್ಟಿರುತ್ತಾರೆ. ನಾನು ಹಾರಿಸಿದರೆ ನನಗೆ ಹೇಳುವವರು ಯಾರು? ಹಾಗಾಗಿ ಮೊದಲ ಅಧ್ಯಾಯ 'ನಿಮಗೆ ಸ್ವಾಗತ' ಎಂಬುದನ್ನು ಓದಿದೆ. ಎರಡನೆಯದು ಟೈರು. ಮೂರನೆಯದು ಗ್ಯಾಸ್ ಒಲೆ. ಅಲ್ಲಿಗೆ ಹೊರಡುವ ಹೊತ್ತಾಯಿತು.

ಇವರು ಕಾಲು ಬದಲಾಯಿಸುತ್ತಾ ನಿಂತಿದ್ದರು. "ಟಾಯ್ಲೆಟ್ ಅಧ್ಯಾಯ ಎಷ್ಟನೆಯದು?"

"ಹನ್ನೊಂದನೆಯದು."

"ಒಂದು ಸಲ ಅದನ್ನು ಮಾತ್ರ ನೋಡಬಹುದಿತ್ತಲ್ಲ?"

"ನಡುವಿನ ಏಳನ್ನು ಬಿಟ್ಟಾ?" ಅಂತ ನಾನು ಕಣ್ಣು ಬಿಟ್ಟದ್ದೇ ಅವರು ಮನೆಗೆ ಓಡಿ, ನಾಲ್ಕು ಮಾಳಿಗೆ ಹತ್ತಿ ಇಳಿದು ಬಂದರು.

ಬೋರಿವಲಿ ಸ್ಟಾಪ್

ಗಾಡಿ ನಡೆಸುವುದು ನಾನು. ಮೆಸ್ಸಿನ ಟೆಂಪೋ ಹದಿನೈದು ವರ್ಷದಿಂದ ನಾನೇ ನಡೆಸುತ್ತೇನೆ. ಯಜಮಾನರಿಗೆ ಡ್ರೈವಿಂಗ್ ಬರುವುದಿಲ್ಲ, ಡ್ರೈವರ್ ಪಕ್ಕ ಕೂರುವ ಅಭ್ಯಾಸವೂ ಇಲ್ಲ. ಮೂವತ್ತು ವರ್ಷ ಹಿಂದೆ ನಿಂತವರು. ನಮ್ಮ ಟೆಂಪೋದಲ್ಲೂ ಹಿಂದೆ ಡಬ್ಬಿಗಳ ನಡುವೆಯೇ ನಿಲ್ಲುತ್ತಾರೆ. ಸೌಟಿನಿಂದ ಒಂದು ಬಡಿತ ಕೊಟ್ಟರೆ ನಾನು ನಿಲ್ಲಿಸಬೇಕು, ಎರಡು ಕೊಟ್ಟರೆ ಹೊರಡಬೇಕು. ನಮ್ಮ ಸಂಸಾರದಲ್ಲಿ ಇವರ ಮಾತು ನಾನು ಎದುರಾಡದೆ ಕೇಳುವುದು ಇದೊಂದನ್ನೇ.

ಹೈವೇಯಲ್ಲಿ ಬೋರಿವಲಿ ಹತ್ತಿರ ಟ್ರಾಫಿಕ್ ಜಾಮ್. ಗಾಡಿ ನಿಂತಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಟಣ್ ಟಣ್. ಹೊರಟೆ. ಘೋಡ್‌ಬಂದರ್ ರಸ್ತೆಯುದ್ದಕ್ಕೂ ಹಿಂದೆ ಏನೋ ಗುಜುಗುಜು ಕೇಳುತ್ತಿತ್ತು. ಇವರು ಮೊಬೈಲಿನಲ್ಲಿ ವಾರ್ತೆ ನೋಡುತ್ತಿದ್ದಾರೆ ಅಂದುಕೊಂಡೆ. ಠಾಣೆಯ ಮಾಜಿವಾಡ ಬಂದಾಗ ಟಣ್, ಒಂದೇ ಬಡಿತ. ನಿಲ್ಲಿಸಿದೆ. ಕನ್ನಡಿಯಲ್ಲಿ ನೋಡುತ್ತೇನೆ, ನಮ್ಮ ಗಾಡಿಯಿಂದ ಜನ ಇಳಿಯುತ್ತಿದ್ದಾರೆ! ಒಬ್ಬರು, ಇಬ್ಬರು, ಒಟ್ಟು ಏಳು ಜನ. ಕೊನೆಯಲ್ಲಿ ತರಕಾರಿ ಬುಟ್ಟಿ ಹಿಡಿದ ಒಬ್ಬ ಅಜ್ಜಿ. ಇವರು ಬಾಗಿಲಲ್ಲಿ ನಿಂತು ಅಜ್ಜಿಯ ಕೈ ಹಿಡಿದು, "ಸಾವಕಾಶ್ ಆಜೀ, ಸಾವಕಾಶ್" ಅನ್ನುತ್ತಿದ್ದಾರೆ.

ಇಳಿದು ಹೋಗಿ ಕೇಳಿದೆ, "ಏನಿದು?"

"ನೀನು ಸ್ಟಾಪಿನ ಎದುರೇ ನಿಲ್ಲಿಸಿದೆ. ಅವರು ಕೈ ತೋರಿಸಿದರು," ಅಂದರು. "ಹತ್ತಿದವರನ್ನು ಇಳಿಸುವುದು ಹೇಗೆ?"

"ಹೇಳಬಹುದಿತ್ತಲ್ಲ, ಇದು ಬಸ್ಸಲ್ಲ ಅಂತ?"

"ಹೇಳಿದೆ. ಅವರು ನಂಬಲಿಲ್ಲ. ನಾನು ಹೇಳಿದ ರೀತಿಯೂ ಅಷ್ಟು ಗಟ್ಟಿಯಾಗಿರಲಿಲ್ಲ." ತಲೆ ತಗ್ಗಿಸಿದರು. "ಆದರೆ ಒಬ್ಬರನ್ನೂ ಟಿಕೆಟ್ ಇಲ್ಲದೆ ಕೂರಿಸಲಿಲ್ಲ."

ಕಾಸು ತೆಗೆದುಕೊಂಡಿರಲಿಲ್ಲವಂತೆ. ಟಿಕೆಟ್ ಮಾತ್ರ ಕೊಟ್ಟಿದ್ದರು. ಮಂಚದ ಮೇಲಿದ್ದ ನನ್ನ ಪುಸ್ತಕದ ಹಿಂದಿನ ಹಾಳೆಗಳನ್ನು ಹರಿದು, ಪೆನ್ನಿನಿಂದ ತೂತು ಮಾಡಿ. "ಹಿಂದಿನ ಪುಟ ಯಾರು ಓದುತ್ತಾರೆ ಅಂತ ಹರಿದೆ," ಅಂದರು.

ನಾನು ಪುಸ್ತಕ ಕಿತ್ತುಕೊಂಡು ನೋಡಿದೆ. ಹತ್ತನೆಯ ಅಧ್ಯಾಯಕ್ಕೆ ಪುಸ್ತಕ ಮುಗಿದಿತ್ತು. ಹನ್ನೊಂದನೆಯದು ತರಕಾರಿ ಬುಟ್ಟಿಯೊಳಗೆ ಮಾಜಿವಾಡದ ಗಲ್ಲಿಯಲ್ಲಿ ಮಾಯವಾಗುತ್ತಿತ್ತು.

ಇಳಿದವರಲ್ಲಿ ಒಬ್ಬ ಮುದುಕರು ನನ್ನ ಹತ್ತಿರ ಬಂದು ಕೈ ಮುಗಿದು ಮರಾಠಿಯಲ್ಲಿ ಹೇಳಿದರು, "ತಾಯೀ, ಮಂಚ, ಫ್ರಿಜ್ಜು, ಒಲೆ ಎಲ್ಲ ಹಾಕಿದ್ದೀರಿ. ಸರ್ಕಾರ ಕೊನೆಗೂ ನಮ್ಮಂಥವರ ಕಷ್ಟ ತಿಳಿದುಕೊಂಡಿತು."

ಕಸಾರಾ ಘಾಟಿಯ ಚಹಾ

ಘಾಟಿ ಹತ್ತುವ ಮೊದಲು ಒಂದು ಚಹಾ ಅಂಗಡಿಯ ಹತ್ತಿರ ನಿಲ್ಲಿಸಿದೆವು. ನಾನು ಬೇಗ ಕುಡಿದು ಸೀಟಿಗೆ ಬಂದೆ. ಪರದೆಯ ಹಿಂದೆ ಟಣ್ ಟಣ್ ಕೇಳಿತು. ಹೊರಟೆ.

ಘಾಟಿಯ ತಂಪು ಗಾಳಿ, ದೂರದಲ್ಲಿ ಬೆಟ್ಟ. ಮನಸ್ಸು ಹಗುರಾಯಿತು. ಜಗಳವಿಲ್ಲದೆ ಮಾತಾಡುವ ಅಂತ ಭಾನುವಾರದ ವಿಷಯ ತೆಗೆದೆ. "ನೋಡಿ, ನಾನು ಹತ್ತೊಂಬತ್ತು ವರ್ಷದವಳು ಈ ಊರಿಗೆ ಬಂದಾಗ ಒಂದು ಭಾನುವಾರ ಎಲ್ಲೂ ಊಟ ಸಿಗದೆ ಬಾಳೆಹಣ್ಣು ತಿಂದು ಮಲಗಿದ್ದೆ. ಅವತ್ತೇ ಅಂದುಕೊಂಡೆ, ನನ್ನದೊಂದು ಅಡುಗೆಮನೆ ಆದರೆ ಅದಕ್ಕೆ ಭಾನುವಾರ ಬಾಗಿಲು ಹಾಕಬಾರದು ಅಂತ. ಊರು ಬಿಟ್ಟು ಬಂದ ಗಂಡಸರು, ಒಂದೊಂದು ಬಾಡಿಗೆ ಖೋಲಿಯಲ್ಲಿ ಆರಾರು ಜನ. ಅವರಿಗೆ ನಾನಲ್ಲದೆ ಯಾರು? ಇದು ನಿಮಗೆ ಅರ್ಥವಾಗಬೇಕು."

ಹಿಂದಿನಿಂದ ಒಂದು ಮಾತಿಲ್ಲ.

ಅರ್ಧ ಗಂಟೆ ಹೇಳಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಇವರು ನಡುವೆ ಬಾಯಿ ಹಾಕಲಿಲ್ಲ, ನಿಟ್ಟುಸಿರು ಬಿಡಲಿಲ್ಲ, "ಆಯಿತಾ ನಿನ್ನದು" ಅನ್ನಲಿಲ್ಲ. ಮೂವತ್ತು ವರ್ಷಕ್ಕೆ ಮೊದಲ ಸಲ ಗಂಡ ನನ್ನ ಮಾತು ಪೂರ್ತಿ ಕೇಳಿದರು ಅಂತ ನನ್ನ ಕಣ್ಣು ತುಂಬಿತು.

ಇಗತ್‌ಪುರಿ ಹತ್ತಿರ ಒಂದು ಟೊಮೆಟೊ ಲಾರಿ ಹಾರ್ನ್ ಹೊಡೆಯುತ್ತಾ ನಮ್ಮ ಪಕ್ಕಕ್ಕೆ ಬಂತು. ಖಾಲಿ ಕ್ರೇಟುಗಳ ಮೇಲೆ ಒಬ್ಬರು ನಿಂತು ಎರಡೂ ಕೈ ಬೀಸುತ್ತಿದ್ದರು. ಎಲ್ಲೋ ನೋಡಿದ ಮುಖ ಅನಿಸಿತು.

ನಿಲ್ಲಿಸಿದೆ. ಇವರು ಲಾರಿಯಿಂದ ಇಳಿದು ಬಂದರು. "ಎರಡು ಬೆಲ್ ನಾನು ಕೊಟ್ಟದ್ದಲ್ಲ! ಚಹಾದವನು ಕೆಟಲಿಗೆ ಚಮಚ ಬಡಿದದ್ದು!"

"ಬೆಲ್ ಅಂದರೆ ಬೆಲ್. ಕೊಟ್ಟದ್ದು ಯಾರು ಅಂತ ಡ್ರೈವರ್ ಕೇಳುವುದಿಲ್ಲ, ನೀವೇ ಕಲಿಸಿದ್ದು."

"ಮೂವತ್ತು ವರ್ಷದ ಸರ್ವಿಸಿನಲ್ಲಿ ಒಂದೇ ಒಂದು ಬಸ್ ನನ್ನನ್ನು ಬಿಟ್ಟು ಹೋಗಿರಲಿಲ್ಲ," ಅಂದರು. ಹೆಂಡತಿ ಬಿಟ್ಟು ಹೋದದ್ದಕ್ಕೆ ಅಷ್ಟು ದುಃಖ ಕಾಣಲಿಲ್ಲ.

"ಅದು ಬಿಡಿ. ಭಾನುವಾರದ ವಿಷಯ ಒಪ್ಪಿದಿರಲ್ಲ?"

"ಯಾವ ವಿಷಯ?"

ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಈ ಸಲ ಎರಡನೇ ವಾಕ್ಯಕ್ಕೇ "ಆಯಿತಾ ನಿನ್ನದು" ಅಂದರು.

ಇಬ್ಬರಿಗೆ ಅಡುಗೆ

ತೋಟ ತಲುಪಿದಾಗ ಇನ್ನೂ ಬಿಸಿಲಿತ್ತು. ಸಾಲು ಸಾಲು ದ್ರಾಕ್ಷಿ ಬಳ್ಳಿ, ಒಂದು ಕಡೆ ಕ್ಯಾರವಾನ್ ನಿಲ್ಲಿಸುವ ಜಾಗ, ಹತ್ತಿರದಲ್ಲೇ ತೋಟದವರ ಟಾಯ್ಲೆಟ್. ಅದನ್ನು ಕಂಡಾಗ ಯಜಮಾನರ ಮುಖದಲ್ಲಿ ಮೂಡಿದ ಭಕ್ತಿಯನ್ನು ನಾನು ದೇವಸ್ಥಾನದಲ್ಲೂ ನೋಡಿಲ್ಲ.

ಸಂಜೆಗೆ ಉಪ್ಪಿಟ್ಟು ಮಾಡಿದೆ. ಇಬ್ಬರಿಗೆ ಸಾಕು ಅಂತ ಹತ್ತು ಕಿಲೋ ರವೆ, ಎರಡು ಡಜನ್ ತಟ್ಟೆ, ಮೆಸ್ಸಿನ ದೊಡ್ಡ ಬಾಣಲೆ ತಂದಿದ್ದೆ. ನನ್ನ ಕೈಯ ಅಳತೆ ನೂರು ಜನದ್ದು. ಒಂದು ಮುಷ್ಟಿ ಅಂದುಕೊಂಡು ಹಾಕಿದರೂ ಮುಷ್ಟಿಗೆ ಅದು ಗೊತ್ತಾಗುವುದಿಲ್ಲ. ಉಪ್ಪಿಟ್ಟು ಬಾಣಲೆ ತುಂಬಿತು, ಪಾತ್ರೆ ತುಂಬಿತು, ಉಳಿದದ್ದನ್ನು ತೊಳೆದ ಬಕೆಟಿಗೆ ಹಾಕಿದೆ.

ಒಗ್ಗರಣೆಯ ಘಮಕ್ಕೆ ಪಕ್ಕದ ಕ್ಯಾರವಾನಿನ ಹುಡುಗ ಹುಡುಗಿ ಒಂದು ಬಟ್ಟಲು ಹಿಡಿದು ಕಿಟಕಿಗೆ ಬಂದರು. "ಆಂಟೀ, ಥೋಡಾ ಸಾ ಮಿಲೇಗಾ?"

ಯಜಮಾನರು ನನ್ನ ಕೈಯನ್ನೇ ನೋಡುತ್ತಿದ್ದರು. ಮುಖದಲ್ಲಿ ಮೀನು ಹಿಡಿಯುವವನ ತಾಳ್ಮೆ. "ಕೊಡು ಮಾರಾಯ್ತಿ, ಮಕ್ಕಳು ಪಾಪ," ಅಂತ ಬೆಣ್ಣೆಯ ದನಿಯಲ್ಲಿ ಅಂದರು.

ಇಪ್ಪತ್ತೆರಡು ವರ್ಷದಲ್ಲಿ ಬಟ್ಟಲು ಹಿಡಿದು ಬಂದವರಿಗೆ ನಾನು ಇಲ್ಲ ಅಂದದ್ದಿಲ್ಲ. "ಖತಂ ಹೋ ಗಯಾ," ಅಂತ ಹೇಳಿ ಕಿಟಕಿ ಮುಚ್ಚಿದೆ. ಅವರಿಗೆ ಕಾಣುವ ಹಾಗೆ ಬಕೆಟ್ ನನ್ನ ಹಿಂದೆಯೇ ಹಬೆಯಾಡುತ್ತಿತ್ತು. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಅಂದರೆ ಉಪ್ಪಿಟ್ಟು ಇಳಿಯಲಿಲ್ಲ.

ಹಾಗಂತ ಚೆಲ್ಲುವುದೂ ನನ್ನಿಂದಾಗದು. ಬಡಿಸಲು ಇದ್ದದ್ದು ಒಬ್ಬರೇ. ಬಡಿಸಿದೆ. ನಾಲ್ಕನೆಯ ತಟ್ಟೆಗೆ ಇವರು ಮಂಚದ ಕಂಬ ಹಿಡಿದುಕೊಂಡು ಅಂದರು, "ಇನ್ನೊಂದು ಸೌಟು ಹಾಕಿದರೆ, ನಾನು ಸೋತೆ ಅಂತ ಬರೆದುಕೊಡುತ್ತೇನೆ."

ನಾನು ಕೂಡಲೇ ಕಾಗದ ಹುಡುಕಿದೆ. ಎಲ್ಲಿ ಸಿಗಬೇಕು? ಹರಿಯಬಹುದಾದ ಹಾಳೆಗಳನ್ನೆಲ್ಲ ಟಿಕೆಟ್ ಮಾಡಿ ಹಂಚಿದ್ದರು.

ರುಚಿ ನೋಡುವುದು

ಶನಿವಾರ ವೈನ್ ರುಚಿ ನೋಡುವ ಕಾರ್ಯಕ್ರಮ. ನಾವಿಬ್ಬರೂ ಜೀವನದಲ್ಲಿ ಕುಡಿದವರಲ್ಲ. ಮಗಳು ಮುಂಚೆಯೇ ಬುಕ್ ಮಾಡಿದ್ದಳು. ಬುಕ್ ಆದದ್ದನ್ನು ಬಿಡಬಾರದು ಅಂತ ಹೋದೆವು. ಟೈ ಕಟ್ಟಿದ ಒಬ್ಬ ತರುಣ ಗ್ಲಾಸಿನ ತಳದಲ್ಲಿ ಇಷ್ಟೇ ಇಷ್ಟು ಹೊಯ್ದು, ತಿರುಗಿಸಿ, ಮೂಸಿ ಹೇಳಿದ: "ಇದರಲ್ಲಿ ಪೇರಳೆ ಇದೆ, ಕರಿಮೆಣಸು ಇದೆ, ಮೊದಲ ಮಳೆಯ ಮಣ್ಣು ಇದೆ."

ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ಪ್ರತಿ ಶಬ್ದ ನನಗೆ ಅರ್ಥವಾಯಿತು. ಅದೇ ತೊಂದರೆಯಾದದ್ದು.

"ಮಣ್ಣನ್ನು ಸೋಸುವುದಿಲ್ಲವಾ?" ಅಂತ ಕೇಳಿದೆ.

"ಇಲ್ಲ ಮೇಡಮ್, ಮಣ್ಣು ಹಾಕುವುದಿಲ್ಲ."

"ಕರಿಮೆಣಸು ಎಷ್ಟು ಹಾಕುತ್ತೀರಿ? ಹುರಿದು ಹಾಕುವುದಾ, ಹಸಿಯಾಗಿಯಾ?"

"ಅದನ್ನೂ ಹಾಕುವುದಿಲ್ಲ. ಬರೀ ದ್ರಾಕ್ಷಿ. ಆದರೆ ಇದೆ ಅಂತ ಅನಿಸುತ್ತದೆ."

"ನನ್ನ ಮೆಸ್ಸಿನಲ್ಲಿ ಸಾರಿಗೆ ಮೆಣಸು ಹಾಕದೆ 'ಇದೆ ಅಂತ ಅನಿಸುತ್ತದೆ' ಅಂದರೆ ತಟ್ಟೆ ನನ್ನ ತಲೆಗೆ ಬರುತ್ತದೆ," ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ಅವನು ಮಾತ್ರ ಗ್ಲಾಸು ಮೂಸಿ ಮೂಸಿ ನೋಡತೊಡಗಿದ, ಪಾಪ.

ಆಮೇಲೆ ಅವನು ಒಂದು ಬಕೆಟ್ ತಂದಿಟ್ಟು, ಬಾಯಿಗೆ ಹಾಕಿದ್ದನ್ನು ನುಂಗದೆ ಇದಕ್ಕೆ ಉಗುಳಿ ಅಂದ. ನನಗೆ ಮೈ ಉರಿಯಿತು. ಬಡಿಸಿದವನೇ ಉಗುಳಲು ಹೇಳುವುದನ್ನು ನಾನು ಎಲ್ಲೂ ಕಂಡಿಲ್ಲ. ಗ್ಲಾಸು ಮುಟ್ಟದೆ ಎದ್ದು ಬಂದೆ. ಯಜಮಾನರಿಗೆ ಇನ್ನೊಂದು ಚಿಂತೆ. ಬಸ್ಸಿನಲ್ಲಿ ಉಗುಳಿದವರಿಗೆ ಮೂವತ್ತು ವರ್ಷ ಬೈದವರು ಅವರು. ಒಬ್ಬೊಬ್ಬ ಪ್ರವಾಸಿ ಬಕೆಟಿಗೆ ಬಗ್ಗಿದಾಗಲೂ "ಖಿಡಕೀ ಕೇ ಬಾಹರ್ ನಹೀ, ನೀಚೇ ನಹೀ!" ಅಂತ ಎದ್ದೆದ್ದು ಕೂಗಿದರು. ಅರ್ಧ ಜನ ಹೆದರಿ ನುಂಗಿದರು. ಸಂಜೆಗೆ ಆ ಅರ್ಧ ಜನ ಬಹಳ ಖುಷಿಯಲ್ಲಿದ್ದರು.

ಭಾನುವಾರ

ಮೂರನೆಯ ದಿನ. ಮಧ್ಯಾಹ್ನ ಹೊರಟರೆ ಪಂದ್ಯ ನನ್ನದು. ಬೆಳಿಗ್ಗೆ ಕ್ಯಾರವಾನಿನ ದೊಡ್ಡ ಕಿಟಕಿ ಮೇಲಕ್ಕೆತ್ತಿ, ಉಳಿದ ರವೆಯನ್ನೆಲ್ಲ ಹುರಿದು ಮುಗಿಸಿಬಿಡುವ ಅಂತ ಒಲೆ ಹಚ್ಚಿದೆ. ಹುರಿದ ರವೆ ಬೇಗ ಕೆಡುವುದಿಲ್ಲ, ಮನೆಗೆ ಒಯ್ಯಬಹುದು.

ಆಗ ತೋಟದ ಗೇಟಿಗೆ ಒಂದು ಬಸ್ ಬಂತು. ಇಳಿದವರು ಸೋತ ಮುಖದಲ್ಲಿ ನಾಲ್ಕೂ ಕಡೆ ನೋಡಿದರು. ಒಬ್ಬ ಮೂಗು ಮೇಲೆತ್ತಿದ. ಇನ್ನೊಬ್ಬ ಬೆರಳು ತೋರಿಸಿದ. ನೋಡುತ್ತಿದ್ದ ಹಾಗೆ ನನ್ನ ಕಿಟಕಿಯ ಎದುರು ಸಾಲು.

ಸಾಲಿನ ಮುಂದೆ ನಿಂತವನು ನನ್ನ ಮೆಸ್ ಎದುರಿನ ರಟ್ಟಿನ ಪೆಟ್ಟಿಗೆ ಫ್ಯಾಕ್ಟರಿಯ ಮೇಸ್ತ್ರಿ. ವಿಜಯಪುರ ಕಡೆಯವನು.

"ಅಕ್ಕಾರ!" ಅಂದ.

"ನೀನು ಇಲ್ಲಿ ಯಾಕೆ?" ಅಂದೆ.

"ನಿಮ್ಮ ಬೋರ್ಡ್ ಓದಿದ ನಮ್ಮ ಫ್ಯಾಕ್ಟರಿ ಸೇಠ್, 'ಮೆಸ್ಸಿನಾಕಿನೇ ಹೋಗ್ಯಾಳಂದ್ರ ಜಾಗಾ ಚಲೋ ಇರಬೇಕು, ನಾವೂ ಹೋಗೂಣು' ಅಂದ್ರು ನೋಡ್ರೀ. ಮುಂಜಾನೆ ನಾಕಕ್ಕ ಬಿಟ್ಟೀವಿ. ಹೋಟೆಲ್ ಹನ್ನೆರಡಕ್ಕ ತೆಗೀತಾರಂತ. ಸದ್ಯಕ್ಕ ಸಿಗೂದು ದ್ರಾಕ್ಷಿ ರಸ ಒಂದೇ. ಅದನ್ನೂ ಉಗುಳಬೇಕಂತ!"

ನಲವತ್ತೊಂದು ಜನ. ಎಲ್ಲರೂ ನನ್ನ ಗಿರಾಕಿಗಳು. ನೂರೆಪ್ಪತ್ತು ಕಿಲೋಮೀಟರ್ ದೂರ ಬಂದು, ಹಸಿದುಕೊಂಡು, ನನ್ನ ಸೌಟನ್ನೇ ನೋಡುತ್ತಿದ್ದಾರೆ. ಪಕ್ಕದಲ್ಲಿ ಯಜಮಾನರು ಕುರ್ಚಿ ಹಾಕಿ ಕೂತು, ಮೊಬೈಲಿನ ಕ್ಯಾಮೆರಾ ತೆರೆದು ಕಾಯುತ್ತಿದ್ದಾರೆ.

ಒಂದು ಕ್ಷಣ ಕಣ್ಣು ಮುಚ್ಚಿದೆ. ಬಾಳೆಹಣ್ಣಿನ ಭಾನುವಾರ ನೆನಪಾಯಿತು. ಕಣ್ಣು ತೆರೆದು ಬಾಣಲೆಗೆ ನೀರು ಹೊಯ್ದೆ.

ಉಪ್ಪಿಟ್ಟಾಯಿತು. ಮೊದಲ ತಟ್ಟೆ ತುಂಬಿಸಿ ಕಿಟಕಿಯಿಂದ ಕೊಡದೆ, ಬಾಗಿಲಿಗೆ ಹೋಗಿ ಯಜಮಾನರ ಕೈಗೆ ಇಟ್ಟೆ. "ನಿಮಗೆ."

ಅವರಿಗೆ ಉಪ್ಪಿಟ್ಟು ಕಂಡರೇ ಶುಕ್ರವಾರ ನೆನಪಾಗುತ್ತಿತ್ತು. ಎದುರಿಗೆ ಸಾಲು, ಕೈಯಲ್ಲಿ ತಟ್ಟೆ. ಮೂವತ್ತು ವರ್ಷದ ಅಭ್ಯಾಸ ತಾನಾಗಿ ಎದ್ದು ನಿಂತಿತು. "ಮಾಗೆ ದ್ಯಾ, ಮಾಗೆ ದ್ಯಾ," ಅಂತ ತಟ್ಟೆಯನ್ನು ಹಿಂದಕ್ಕೆ ದಾಟಿಸಿದರು. ಎರಡನೆಯ ತಟ್ಟೆ. "ನಿಮಗೆ," ಅಂದೆ. "ಪುಢೇ ಸರಕಾ! ಗರ್ದೀ ನಕೋ!" ಅಂತ ನೂಕುವವರನ್ನು ಸರಿಸಿ ಮುಂದೆ ಕಳಿಸುತ್ತಾ ಅದನ್ನೂ ದಾಟಿಸಿದರು. ಕುರ್ಚಿ ಬಿಟ್ಟು ಎದ್ದರು. ಮೊಬೈಲು ಜೇಬಿಗೆ ಹೋಯಿತು. ಉಂಡವರ ತಟ್ಟೆ ತೊಳೆಸಿ ಮುಂದಿನವರಿಗೆ ಕೊಟ್ಟರು, ಸಾಲು ತಪ್ಪಿಸಿದವನನ್ನು ಗದರಿಸಿ ಹಿಂದೆ ಕಳಿಸಿದರು. ರಿಟೈರ್ ಆದ ಮೇಲೆ ಅವರನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿರಲಿಲ್ಲ.

ಕೊನೆಯ ತಟ್ಟೆ ದಾಟಿದ ಮೇಲೆ ಬೆವರು ಒರೆಸಿಕೊಂಡು ನೆನಪು ಮಾಡಿಕೊಂಡರು. "ಏ ಮಾರಾಯ್ತಿ! ನೀನು ಸೋತೆ! ನಲವತ್ತೊಂದು ಜನಕ್ಕೆ ಬಡಿಸಿದೆ!"

"ನಾನು ಬಡಿಸಿದ್ದು ಒಬ್ಬರಿಗೇ," ಅಂದೆ. "ನಿಮಗೆ. ನಲವತ್ತೊಂದು ತಟ್ಟೆ. ನೀವು ಯಾರಿಗೆ ಕೊಟ್ಟಿರೋ ನನಗೇನು ಗೊತ್ತು?"

ಮಗಳಿಗೆ ವಿಡಿಯೋ ಕಾಲ್ ಹೋಯಿತು. ಮೇಸ್ತ್ರಿ ಸಾಕ್ಷಿ ಹೇಳಿದ: "ಖರೇ ಅದ ಬಾಯೀ, ಅಕ್ಕಾರು ನಮ್ಮ ಕೈಗೆ ಒಂದ್ ತಟ್ಟಿನೂ ಕೊಟ್ಟಿಲ್ಲ." ಮಗಳು ನಗುವನ್ನು ತಡೆದುಕೊಂಡು ತೀರ್ಪು ಕೊಟ್ಟಳು, "ಟೆಕ್ನಿಕಲಿ ಮಮ್ಮಿ ಜೀತ್ ಗಯೀ. ಪಪ್ಪಾ, ಫಾರ್ಟಿ ಒನ್ ಪ್ಲೇಟ್ ಉಪ್ಪಿಟ್ಟು? ನಿಮ್ಮ ತಬಿಯತ್ ಠೀಕ್ ಹೈ ನಾ?"

ನಾನು ಕ್ಯಾರವಾನಿನ ಮೆಟ್ಟಿಲ ಮೇಲೆ ನಿಂತು, ಸೌಟು ಎತ್ತಿ, ನನ್ನ ಗಿರಾಕಿಗಳಿಗೆ ಸಾರಿದೆ: "ಕೇಳಿದಿರಲ್ಲ? ಭಾನುವಾರ ಮೆಸ್ ಮುಚ್ಚುವ ಮಾತು ಇವತ್ತಿಗೆ ಮುಗಿಯಿತು. ನಿಮ್ಮ ಭಾನುವಾರದ ಊಟವನ್ನು ಯಾರೂ ಕಸಿದುಕೊಳ್ಳುವ ಹಾಗಿಲ್ಲ!"

ಚಪ್ಪಾಳೆ ಬರುತ್ತದೆ ಅಂದುಕೊಂಡಿದ್ದೆ. ಮೇಸ್ತ್ರಿ ಕುತ್ತಿಗೆ ತುರಿಸಿಕೊಂಡ.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಆದಿತ್ಯವಾರ ನಾವು ಖೋಲಿಯಾಗ ಮಟನ್ ಮಾಡ್ಕೋತೀವಿ. ವಾರಕ್ಕ ಒಮ್ಮೆ ಹೊತ್ತೇರೂತನಕ ಮನಗೊಂಡು ಏಳೂದೂ ಅವತ್ತೇ."

"ಮತ್ತೆ ಪ್ರತಿ ವಾರ ನಾಲ್ಕು ಜನ ಬರುತ್ತೀರಲ್ಲ?"

"ಅದು ಪಾಳಿರೀ."

"ಏನು?"

"ಪಾಳಿ ಹಚ್ಚೀವ್ರೀ. ವಾರಕ್ಕ ನಾಕು ಮಂದಿ. ಗ್ವಾಡಿಗೆ ಹೆಸರು ಬರ್ದು ಅಂಟಿಸೀವಿ. ಹನ್ನೆರಡು ವರ್ಷ ಆತು. ಅಕ್ಕಾರು ಆದಿತ್ಯವಾರ ಸೈತ ಮನ್ಯಾಗ ನಿಲ್ಲಂಗಿಲ್ಲ, ಮನ್ಯಾಗ ಗಂಡನ ತ್ರಾಸ ಭಾಳ ಇರಬೇಕು, ಒಬ್ಬಾಕಿನೇ ಕುಂತ್ರ ಅಳತಾಳ ಅಂತ..." ಅವನು ಯಜಮಾನರ ಕಡೆ ಹೆದರುತ್ತಾ ನೋಡಿದ. "ಇವತ್ತು ನಮ್ಮ ನಾಕು ಮಂದಿ ಪಾಳಿ ಇತ್ರೀ. ಮೆಸ್ ಬಂದ್ ಅಂತ ಬೋರ್ಡ್ ನೋಡಿ ಕುಣಿದಾಡಿದ್ವಿ. ಇಲ್ಲಿ ಬಂದ್ರೂ ನಿಮ್ಮ ಕೈದೇ ಊಟ!"

"ಅದಕ್ಕೇ!" ಯಜಮಾನರು ಹಾರಿ ನಿಂತರು. "ಅದಕ್ಕೇ ಇವರೆಲ್ಲ ಹನ್ನೆರಡು ವರ್ಷದಿಂದ ನನ್ನನ್ನು ಕಂಡರೆ ಮುಖ ತಿರುಗಿಸುವುದು!"

ನಾನು ಸೌಟು ಕೆಳಗಿಳಿಸಿದೆ. ನನ್ನ ಸಾರಿಗಾಗಿ ಮೊಣಕಾಲು ನೀರಿನಲ್ಲಿ ನಡೆದು ಬಂದವರ ಹೆಸರು ಗೋಡೆಯ 'ಪಾಳಿ'ಯಲ್ಲಿತ್ತು. ಅವರು ನನಗೆ ಬೇಜಾರಾಗದ ಹಾಗೆ ನೋಡಿಕೊಂಡಿದ್ದರು, ನಾನು ಅವರಿಗೆ ಹಸಿವಾಗದ ಹಾಗೆ.

ವಾಪಸು ಹೊರಟೆವು. ಘಾಟಿಯಲ್ಲಿ ಇವರು ಪರದೆ ಸರಿಸಿ, ಮೊದಲ ಸಲ, ಮುಂದೆ ಬಂದು ನನ್ನ ಪಕ್ಕ ಕೂತರು. "ಗೆದ್ದವಳು ನೀನೇ. ನಾನು ಭಾನುವಾರದ ಹೆಸರು ಎತ್ತುವುದಿಲ್ಲ," ಅಂದರು. ನಗಲಿಲ್ಲ. ನಗದೆ ಇರಲು ಎಷ್ಟು ಕಷ್ಟಪಡುತ್ತಿದ್ದಾರೆ ಅಂತ ಸೀಟು ಅಲುಗುವುದರಲ್ಲೇ ಗೊತ್ತಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಹಳೆಯ ಬೋರ್ಡ್ ಇಳಿಸಿ ಹೊಸದು ಬರೆದೆ. ಕನ್ನಡ, ಮರಾಠಿ, ಹಿಂದಿ, ಮೂರರಲ್ಲೂ. ಯಾರೂ ನನ್ನನ್ನು ಸೋಲಿಸಿಲ್ಲ, ಯಾರೋ ಹೇಳಿದ್ದಕ್ಕೆ ಬರೆದದ್ದೂ ಅಲ್ಲ. ಅದು ಎಲ್ಲರಿಗೂ ತಿಳಿಯಲಿ ಅಂತ ಕಾರಣವನ್ನೂ ದಪ್ಪಕ್ಷರದಲ್ಲಿ ಹಾಕಿದೆ:

"ಹನ್ನೆರಡು ವರ್ಷ ಬಿಡುವಿಲ್ಲದೆ ಉಂಡು ಗಿರಾಕಿಗಳು ದಣಿದಿರುವುದರಿಂದ, ಅವರ ವಿಶ್ರಾಂತಿಗಾಗಿ ಇನ್ನು ಮುಂದೆ ಪ್ರತಿ ಭಾನುವಾರ ಮೆಸ್ಸಿಗೆ ರಜೆ. ಪಂದ್ಯ ಗೆದ್ದ ಮಾಲಕಿಯ ಅಪ್ಪಣೆ."

ಯಜಮಾನರು ಎರಡು ಸಲ ಓದಿದರು. ಒಳಗೆ ಹೋಗಿ ಸೌಟು ತಂದು ಶಟರಿಗೆ ಬಡಿದರು. ಟಣ್ ಟಣ್.